ಮೂವತ್ತು ದಿನ ಮರೆಯದ ಪೆಟ್ಟಿಗೆ

"ಪೆಟ್ಟಿಗೆ ಸಮೇತವಾ, ಪೆಟ್ಟಿಗೆ ಇಲ್ದೆನಾ? ಬೇಗ ಹೇಳಿ ನ್ಯಾಬೊ, ತಾಯೀ, ಈ ಏಣಿ ಮೇಲೇ ನನ್ನ ತಲೆ ನರೆಯೋ ಹಾಗಿದೆ," ಎಂದ ಕ್ಯಾಮೆರಾ ಹಾಕಲು ಬಂದಿದ್ದ ಟುಮ್ವಿನೆ, ಬಾಯಲ್ಲಿ ಕಚ್ಚಿಕೊಂಡಿದ್ದ ಎರಡು ಸ್ಕ್ರೂಗಳನ್ನು ಅಂಗೈಗೆ ಉಗುಳಿ.

ನಾಬುಕೇರಾ ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡು ಗಂಡ ಲುಬ್ವಾಮಾನ ಮುಖ ನೋಡಿದಳು. ಕ್ಯಾಮೆರಾ ಬೇಕು ಎನ್ನುವುದರಲ್ಲಿ ಇಬ್ಬರಿಗೂ ಜಗಳವಿರಲಿಲ್ಲ. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ನಾಸರ್ ರಸ್ತೆಯ ಮುದ್ರಣಾಲಯದಲ್ಲಿ ಮದುವೆ ಕಾಗದಗಳ ತಪ್ಪು ತಿದ್ದುವ ಅವಳ ಕುರ್ಚಿ ಕಾಯುತ್ತಿತ್ತು. ಮಗು ನೋಡಿಕೊಳ್ಳಲು ಗೊತ್ತುಮಾಡಿದ್ದ ಕೆಮಿಗಿಶಾ ನಡುವಯಸ್ಸು ದಾಟಿದ ವಿಧವೆ, ಒಳ್ಳೆಯವಳಂತೆಯೇ ಕಾಣುತ್ತಿದ್ದಳು. ಆದರೆ ಒಳ್ಳೆಯವರಂತೆ ಕಂಡವರು ಮಕ್ಕಳನ್ನು ಏನು ಮಾಡಿದರು ಎನ್ನುವ ವಿಡಿಯೋಗಳು ಕಂಪಾಲಾದ ಎಲ್ಲ ತಾಯಂದಿರ ಫೋನಿಗೂ ಬಂದಿದ್ದವು.

"ಪೆಟ್ಟಿಗೆ ಇಲ್ದಿದ್ರೆ ಇದು ಬರೀ ಕಿಟಕಿ ಇದ್ದ ಹಾಗೆ," ಟುಮ್ವಿನೆ ವಿವರಿಸಿದ. "ಫೋನಲ್ಲಿ ನೋಡಿದ್ರೆ ಕಾಣುತ್ತೆ, ನೋಡ್ದಿದ್ರೆ ಹೋಯ್ತು. ಪೆಟ್ಟಿಗೆ ಇದ್ರೆ ನನ್ನ ಹೆಂಡತಿ ಥರ. ಮೂವತ್ತು ದಿನ ಒಂದೂ ಮರೆಯಲ್ಲ. ಮೂವತ್ತೊಂದನೇ ದಿನ, ಹಳೇದರ ಮೇಲೆ ಹೊಸದು ಬರ್ಕೊಳುತ್ತೆ."

"ಬೇಡ ಬಿಡಪ್ಪ," ಎಂದ ಲುಬ್ವಾಮಾ. "ಬೇಕಾದಾಗ ನೋಡಿದ್ರೆ ಸಾಕು. ಮನೆ ಒಳಗಿಂದನ್ನೆಲ್ಲ ಕೂಡಿಟ್ಕೊಂಡು ಏನ್ಮಾಡೋದು? ಯಾವ ಮನೇಲಿ ಏನು ನಡೆಯಲ್ಲ?"

"ಕೆಲಸದಲ್ಲಿ ನನ್ನ ಫೋನು ಮಧ್ಯಾಹ್ನದವರೆಗೂ ಮಾಲೀಕರ ಮೇಜಿನ ಡ್ರಾಯರ್‌ನಲ್ಲಿರುತ್ತೆ ಬಿರುಂಗಿ ಅಪ್ಪಾ. ನಾನು ನೋಡದೇ ಇದ್ದಾಗ ಆಗಿದ್ದನ್ನ ಯಾರು ಹೇಳ್ತಾರೆ? ಬಿರುಂಗಿ ಹೇಳ್ತಾಳಾ?" ಮೂರೂವರೆ ತಿಂಗಳ ಬಿರುಂಗಿ ಅವಳ ಕಿವಿಯೋಲೆಯನ್ನು ಬಾಯಿಗೆ ಎಳೆದುಕೊಳ್ಳುತ್ತಿದ್ದಳು. "ಪೆಟ್ಟಿಗೆ ಇರ್ಲಿ."

ಕ್ಯಾಮೆರಾ ನಡುಮನೆಯ ಗೋಡೆಯ ಮೇಲೆ, ಪೆಟ್ಟಿಗೆ ಮಲಗುವ ಕೋಣೆಯ ಬೀರುವಿನ ಮೇಲೆ ಕೂತಿತು. ಮಗು ಅತ್ತರೆ ಇಬ್ಬರ ಫೋನೂ ಕೂಗುವ ಹಾಗೆ ಮಾಡಿಕೊಟ್ಟು ಟುಮ್ವಿನೆ ಹೋದ.

ಮೂರನೇ ದಿನ ಕೆಮಿಗಿಶಾ ತನ್ನ ಚೀಲ ಹಿಡಿದುಕೊಂಡು ಕ್ಯಾಮೆರಾದ ಕೆಳಗೇ ನಿಂತಳು. "ಕೈಗೆ ಮಗು ಕೊಟ್ರಿ, ತಲೆ ಮೇಲೆ ಕಾವಲು ಇಟ್ರಿ. ನಾನು ಐದು ಹೆತ್ತು ಮೂರು ಮಣ್ಣು ಮಾಡಿದವಳು ನ್ಯಾಬೊ. ಮಗು ಅಂದ್ರೆ ಏನು ಅಂತ ನನಗೆ ಗೋಡೆ ಹೇಳ್ಕೊಡಬೇಕಾ?" ಬಿರುಂಗಿಯ ಅಂಗಾಲನ್ನು ಒಮ್ಮೆ ಹಣೆಗೆ ಒತ್ತಿಕೊಂಡು ಹೊರಟುಹೋದಳು.

ಹಾಗಾಗಿ ನಾಬುಕೇರಾಳ ಅಮ್ಮ ಬರಬೇಕಾಯಿತು. ಭಾನುವಾರ ತನ್ನೂರು ಕಲುಂಗುವಿನ ಬಸ್ಸಿನಿಂದ ಮತೋಕೆ ಬಾಳೆಯ ಗೊನೆ, ಸುತ್ತಿದ ಚಾಪೆ, ಕಾಲು ಕಟ್ಟಿದ ಕೋಳಿಯ ಜೊತೆ ಇಳಿದಳು. "ಅಳಿಯನ ಮನೇಲಿ ಮಲಗೋಳು ನಾನಲ್ಲ," ಎಂದು ಬಸ್‌ಸ್ಟಾಂಡಿನಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಅತ್ತೆ ಅಳಿಯ ಒಂದೇ ಕೋಣೆಯಲ್ಲಿ ಇರಬಾರದು, ಮುಖಕ್ಕೆ ಮುಖ ಕೊಡಬಾರದು, ಕೈಗೆ ಕೈ ತಾಗಬಾರದು. ಅದು ಒಬುಕೊ. ಮುರಿದರೆ ಮುರಿದವರ ಕೈ ಸಾಯುವವರೆಗೂ ನಡುಗುತ್ತದೆ ಎಂದು ಹಿರಿಯರ ಮಾತು. ಆದ್ದರಿಂದ ಹಿತ್ತಲ ಕೋಣೆಯನ್ನು ಗುಡಿಸಿ ಮಂಚ ಹಾಕಿದರು. ಹಗಲು ಅಳಿಯ ಕೆಲಸಕ್ಕೆ ಹೋದಮೇಲೆ ಅಮ್ಮ ನಡುಮನೆಗೆ ಬರುವುದು. ಸಂಜೆ ಐದಕ್ಕೆ ಅವನ ಕಾರು ಗೇಟಿಗೆ ಬಂದರೆ ಮಗುವನ್ನು ಚಾಪೆಯ ಮೇಲೆ ಮಲಗಿಸಿ ಹಿಂದಿನ ಬಾಗಿಲಿನಿಂದ ಹೋಗಿಬಿಡುವುದು. ಅಜ್ಜಿ ಹೋಗಿ ಅಪ್ಪ ಬರುವ ನಡುವೆ, ಇಪ್ಪತ್ತು ಎಣಿಸುವಷ್ಟು ಹೊತ್ತು ಬಿರುಂಗಿ ಮನೆಯಲ್ಲಿ ಒಬ್ಬಳೇ ಮಲಗಿ ಸೂರು ನೋಡುತ್ತಿದ್ದಳು. ಎಲ್ಲವನ್ನೂ ಇಷ್ಟು ಅಚ್ಚುಕಟ್ಟಾಗಿ ಯೋಚಿಸಿದ ನಾಬುಕೇರಾಗೆ, ಗೋಡೆಯ ಮೇಲಿನ ಕ್ಯಾಮೆರಾ ಗಂಡನ ಕಣ್ಣೂ ಆದೀತು ಎಂದು ಹೊಳೆಯಲೇ ಇಲ್ಲ. ಅದನ್ನು ಹಾಕಿಸಿದ್ದು ಕೆಲಸದವಳಿಗಾಗಿ, ಅಮ್ಮ ಕೆಲಸದವಳಲ್ಲವಲ್ಲ.

"ಅದೇನೇ ಅದು, ಮಿಣುಕ್ ಅಂತಿದೆ?" ಎಂದು ಅಮ್ಮ ಕೇಳಿದ್ದಳು.

"ಹೊಗೆ ಬಂದ್ರೆ ಕೂಗೋ ಯಂತ್ರ," ಎಂದಿದ್ದಳು ನಾಬುಕೇರಾ, ಶೂ ಹಾಕಿಕೊಳ್ಳುವ ಅವಸರದಲ್ಲಿ. ಬಿಡಿಸಿ ಹೇಳಲು ಹೊತ್ತಿರಲಿಲ್ಲ, ಅಷ್ಟೇ. ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು.

ಅಮ್ಮ ಬಂದ ಹತ್ತು ದಿನಕ್ಕೆ, ಒಂದು ಬುಧವಾರ ಸಂಜೆ, ಹಿತ್ತಲ ಕೋಣೆಯ ಮುಂದೆ ಕೂತು ಅಮ್ಮ ಮಗುವಿನ ಬಟ್ಟೆ ಮಡಿಸುತ್ತಿದ್ದಳು. "ನಿನ್ನ ಗಂಡನ್ನ ಸಾಕಿದವರಿಗೆ ಕೈ ಮುಗೀಬೇಕು ಕಣೇ," ಎಂದಳು. "ಹೋದ ವಾರದಿಂದ ನೋಡ್ತಿದೀನಿ. ಗೇಟಿನ ಹತ್ರ ಬಂದು ಕಾರು ಆರಿಸಿ ಸುಮ್ನೆ ಕೂತಿರ್ತಾನೆ. ನಾನು ಎದ್ದು ಹೊರಗೆ ಬಂದ ಮೇಲೇನೇ ಗೇಟು ತೆಗೆಯೋದು. ನಿನ್ನೆ ಇವಳು ತೊಡೆ ಮೇಲೆ ನಿದ್ದೆ ಹೋಗಿದ್ಲು, ಏಳೋಕೆ ಮನಸ್ಸಾಗಲಿಲ್ಲ. ಹತ್ತು ನಿಮಿಷ ಕೂತಿದ್ದ, ಪಾಪ! ಈಗಿನ ಕಾಲದ ಹುಡುಗರು ಎಲ್ಲಿ ಮಾಡ್ತಾರೆ? ಊರಿಗೆ ಹೋದ್ಮೇಲೆ ಇದನ್ನ ಚರ್ಚಿನ ಹೆಂಗಸರಿಗೆಲ್ಲ ಹೇಳ್ತೀನಿ."

ನಾಬುಕೇರಾಳ ಕೈಯಲ್ಲಿದ್ದ ಪುಟ್ಟ ಕಾಲುಚೀಲ ಅಲ್ಲೇ ನಿಂತಿತು. ಗೋಡೆಯಾಚೆ ಗೇಟಿನ ಹೊರಗೆ ಕೂತವನಿಗೆ ಒಳಗೆ ಯಾರು ಎದ್ದರು, ಯಾರು ಕೂತರು ಹೇಗೆ ಗೊತ್ತಾಗಬೇಕು? ಗೊತ್ತಾಗುವುದಕ್ಕೆ ಒಂದೇ ದಾರಿ. ಒಲೆಯ ಮೇಲೆ ಏನೋ ಇದೆ ಎಂದು ಎದ್ದು ಹೋಗಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಫೋನು ತೆರೆದಳು.

ದಿನ ದಿನ ಹಿಂದಕ್ಕೆ ಹೋದಳು. ಅಮ್ಮ ಬರೀ ಬಿಸಿನೀರಿನಲ್ಲಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಬೇರು ಸೊಪ್ಪಿನ ಕಷಾಯದ ನೀರು ಬೇಡ ಎಂದು ನಾಬುಕೇರಾ ಹೇಳಿದ್ದಕ್ಕೆ ಮುಖ ಸಣ್ಣ ಮಾಡಿಕೊಂಡಿದ್ದವಳು, ಯಾರೂ ಇಲ್ಲದಾಗಲೂ ಆ ಮಾತು ಉಳಿಸಿಕೊಂಡಿದ್ದಳು. ಆಮೇಲೆ ಮೊದಲ ಸೋಮವಾರ ಬಂತು. ಮೂಲೆಯಲ್ಲಿ ತಾರೀಖು, ಹನ್ನೊಂದು ಗಂಟೆ ಎಂಟು ನಿಮಿಷ. ಬಿರುಂಗಿ ಅಳುತ್ತಿದ್ದಳು. ನಾಬುಕೇರಾ ಬೆಳಿಗ್ಗೆ ಹಿಂಡಿಟ್ಟ ಎದೆಹಾಲಿನ ಬಾಟಲಿಯನ್ನು ಮತ್ತೆ ಮತ್ತೆ ಉಗುಳುತ್ತಿದ್ದಳು. ಅಮ್ಮ ಹೆಗಲಿಗೆ ಹಾಕಿಕೊಂಡಳು, ಬೆನ್ನಿಗೆ ಕಟ್ಟಿಕೊಂಡಳು, ಕಿಟಕಿಗೆ ಹೋಗಿ ಕೋಳಿ ತೋರಿಸಿದಳು. ಮಗು ನೀಲಿಗಟ್ಟುವ ಹಾಗೆ ಅಳುತ್ತಿತ್ತು. ಕೊನೆಗೆ ಅಮ್ಮ ಬಾಗಿಲ ಕಡೆಗೊಮ್ಮೆ ನೋಡಿ, ಚಾಪೆಯ ಮೇಲೆ ಕೂತು, ಉದ್ದನೆಯ ಗೊಮೆಸಿ ಉಡುಪಿನ ಅಗಲವಾದ ಸೊಂಟಪಟ್ಟಿ ಸಡಿಲಿಸಿ, ಮೇಲಿನ ಎರಡು ಗುಂಡಿ ಬಿಚ್ಚಿ, ತನ್ನ ಬತ್ತಿದ ಮೊಲೆಯನ್ನು ಮಗುವಿನ ಬಾಯಿಗಿಟ್ಟಳು. ಬಿರುಂಗಿ ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾದಳು. ಅಮ್ಮ ಕಣ್ಣು ಮುಚ್ಚಿಕೊಂಡು ಹಿಂದೆ ಮುಂದೆ ತೂಗುತ್ತಿದ್ದಳು. ಆ ಸಂಜೆ ಅವಳು ಹೇಳಿದ್ದು ಇಷ್ಟೇ: "ನಿನ್ನ ಮಗಳು ಬಂಗಾರ. ಬಾಟಲಿ ಹಾಲು ಗಟಗಟ ಕುಡಿದ್ಲು, ನೀನು ಯೋಚನೆ ಮಾಡ್ಬೇಡ."

ನಾಬುಕೇರಾ ಫೋನನ್ನು ಮಗುಚಿಟ್ಟಳು. ತಾನು ನೋಡಬಾರದಿತ್ತು. ಅವನು ನೋಡಬಾರದಿತ್ತು. ಅಂದು ಹನ್ನೊಂದು ಗಂಟೆಗೆ ತನ್ನ ಫೋನು ಡ್ರಾಯರ್‌ನಲ್ಲಿತ್ತು, ಅವನದು ಕೂಗಿರಬೇಕು.

ಲುಬ್ವಾಮಾ ಅಂಗಳದ ನಲ್ಲಿಯಲ್ಲಿ ಬೂಟಿನ ಕೆಸರು ತೊಳೆಯುತ್ತಿದ್ದ. ಅವಳು ಹತ್ತಿರ ಹೋಗಿ, "ಹೋದ ಸೋಮವಾರದ ಹಿಂದಿನ ಸೋಮವಾರ," ಎಂದಷ್ಟೇ ಅಂದಳು. ಅವನು ನಲ್ಲಿ ನಿಲ್ಲಿಸಲಿಲ್ಲ.

"ಫೋನು ಕೂಗ್ತು," ಎಂದ, ನೀರನ್ನೇ ನೋಡುತ್ತ. "ಹೊಲ ಅಳೀತಿದ್ದೆ. ಕೂಗ್ತಾನೇ ಇತ್ತು. ಮಗುವಿಗೆ ಏನಾಯ್ತೋ ಅಂತ ತೆಗೆದೆ. ಮುಚ್ಚಿದೆ. ಎಷ್ಟು ಬೇಗ ಮುಚ್ಚಿದ್ರೂ ಕಂಡಿದ್ದು ಕಂಡ್ತು."

"ಆಮೇಲೆ ದಿನಾ ನೋಡ್ತಿದ್ರಾ? ಗೇಟಿನ ಹೊರಗೆ ಕೂತ್ಕೊಂಡು?"

ಅವನು ತಲೆಯೆತ್ತಿದ. ಅವನ ಮುಖ ನೋಡಿ, ಕೇಳಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. "ಅವತ್ತೇ ತೆಗೆದು ಹಾಕ್ದೆ ಆ ಕ್ಯಾಮೆರಾ ಆ್ಯಪನ್ನ, ನನ್ನ ಫೋನಿಂದ. ಗೇಟಿನ ಹತ್ರ ಕಿವಿ ಕೊಟ್ಕೊಂಡು ಕೂತಿರ್ತೀನಿ. ಹಿಂದಿನ ಬಾಗಿಲು ಬಡಿದ ಸದ್ದು ಕೇಳಿದ್ಮೇಲೆ ಒಳಗೆ ಬರೋದು. ಅವರಿಗೆ ಇನ್ನೇನು ಮರ್ಯಾದೆ ಕೊಡೋಕಾಗುತ್ತೆ ನನ್ನಿಂದ?" ನಗುವಿನಂಥದೇನನ್ನೋ ತಂದುಕೊಂಡು ಬಲಗೈಯನ್ನು ಅವಳ ಮುಂದೆ ಚಾಚಿದ. "ನಂಬಲ್ಲ ನಾನು ಇದನ್ನೆಲ್ಲ. ಆದ್ರೂ ಬೆಳಿಗ್ಗೆ ಎದ್ದ ತಕ್ಷಣ ಕೈ ನೋಡ್ಕೊಳ್ತೀನಿ. ಇದಕ್ಕೊಂದು ಮುಕ್ತಾಯ ಹಾಡ್ಬೇಕು ಕಣೇ. ಒಬುಕೊ ಮುರಿದವರಿಗೂ ಹಿರಿಯರು ದಾರಿ ಇಟ್ಟಿದಾರೆ, ಅತ್ತೆಗೆ ಬಟ್ಟೆ ಕೊಡೋದು."

"ಬೇಡ! ಅಮ್ಮನಿಗೆ ಗೊತ್ತಾದ್ರೆ ಅವತ್ತೇ ಬಸ್ಸು ಹತ್ತುತಾಳೆ. ಮತ್ತೆ ಯಾವತ್ತೂ ತಲೆಯೆತ್ತಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ನಿದ್ಬಿಡಿ."

ಮರುದಿನ ಊಟದ ಬಿಡುವಿನಲ್ಲಿ ಅವಳು ಟುಮ್ವಿನೆಗೆ ಫೋನು ಮಾಡಿದಳು. ಒಂದು ದಿನದ್ದು ಮಾತ್ರ ಅಳಿಸಬೇಕು ಎಂದಳು.

"ಒಂದು ದಿನ ಮಾತ್ರ ಮರೆಯೋಕೆ ಅದಕ್ಕೆ ಬರಲ್ಲ ನ್ಯಾಬೊ. ಅಳಿಸಿದ್ರೆ ಎಲ್ಲಾ ಅಳಿಸಬೇಕು, ಇಲ್ಲಾ ಮೂವತ್ತು ದಿನ ಕಾಯಬೇಕು. ಯಾಕೆ, ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದ್ಲು," ಎಂದಳು ನಾಬುಕೇರಾ.

ಎಲ್ಲವನ್ನೂ ಅಳಿಸಿದಳು. ಬಿರುಂಗಿ ಮೊದಲ ಸಲ ಮಗುಚಿಕೊಂಡು ತನಗೆ ತಾನೇ ಬೆರಗಾಗಿ ನೋಡಿದ್ದು ಕೂಡ ಅದರಲ್ಲೇ ಹೋಯಿತು. ಲುಬ್ವಾಮಾ ಕ್ಯಾಮೆರಾವನ್ನು ಬಿಚ್ಚಿ ಪೆಟ್ಟಿಗೆಯ ಜೊತೆ ಗೋಣಿಚೀಲಕ್ಕೆ ಹಾಕಿದ. ಗೋಡೆಯ ಮೇಲೆ ನಾಲ್ಕು ತೂತು ಉಳಿದವು.

ಶುಕ್ರವಾರ ಮತೋಕೆ ಸಿಪ್ಪೆ ತೆಗೆಯುತ್ತ ಅಮ್ಮ ಕೇಳಿದಳು, "ಹೊಗೆ ಯಂತ್ರ ಏನಾಯ್ತೇ? ಕೆಟ್ಟೋಯ್ತಾ?"

ಹೌದು ಎಂದುಬಿಡಬಹುದಿತ್ತು. ಆದರೆ ಅಮ್ಮನ ಕೈ ಬಾಳೆಕಾಯಿಯ ಅಂಟಿನಿಂದ ಕಪ್ಪಾಗಿತ್ತು, ಬೆನ್ನಿಗೆ ಮಗು ಕಟ್ಟಿಕೊಂಡಿದ್ದಳು, ಎರಡನೇ ಸಲ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಅದು ಹೊಗೆಯದಲ್ಲಮ್ಮ. ಚಿತ್ರ ತೆಗೆಯೋದು. ಕೆಲಸದವಳಿಗೆ ಅಂತ ಹಾಕಿಸಿದ್ದು. ನಿನಗೆ ಹೇಳ್ಲಿಲ್ಲ."

ಚೂರಿ ನಿಂತಿತು. ಅಮ್ಮ ಮನಸ್ಸಿನಲ್ಲೇ ದಿನಗಳನ್ನು ಹಿಂದಕ್ಕೆ ತಿರುವುತ್ತಿರುವುದು ನಾಬುಕೇರಾಗೆ ಕಾಣುತ್ತಿತ್ತು. ಎಲ್ಲಿಗೆ ಹೋಗಿ ತಲುಪಿದಳು ಎನ್ನುವುದೂ ಕಾಣಿಸಿತು. ಒಂದು ಕೈ ತಾನಾಗಿ ಕೊರಳಿನ ಗುಂಡಿಗೆ ಹೋಯಿತು.

"ಅವನು ನೋಡಿದ್ನಾ?"

"ಇಲ್ಲ. ನಾನೊಬ್ಬಳೇ."

"ದೇವರ ಮುಂದೆ?"

"ದೇವರ ಮುಂದೆ."

ಅಮ್ಮ ಉಸಿರು ಬಿಟ್ಟಳು. ಆಮೇಲೆ ನಗೆಚಾಟಿಕೆಗೆ ಅಂದಳು, "ನೀನಾದ್ರೆ ಪರವಾಗಿಲ್ಲ. ಎರಡು ವರ್ಷ ಕಚ್ಚಿ ಕಚ್ಚಿ ಹಿಂಡಿದವಳು ನೀನೇ." ಚೂರಿ ಮತ್ತೆ ಆಡತೊಡಗಿತು. ಇನ್ನೊಂದು ಕಾಯಿ ಸುಲಿದ ಮೇಲೆ, ತಲೆಯೆತ್ತದೆ ಕೇಳಿದಳು: "ನನ್ನನ್ನ ಕಾಯೋಕೆ ಅದನ್ನ ಬಿಟ್ಟಿದ್ಯಾ?" ಅದರಲ್ಲಿ ಸಿಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನ ಲುಬ್ವಾಮಾ ಪೇಟೆಯಿಂದ ಬಂದು, ಕಾಗದದಲ್ಲಿ ಸುತ್ತಿ ಹುರಿ ಕಟ್ಟಿದ ಪೊಟ್ಟಣವೊಂದನ್ನು ನಾಬುಕೇರಾಳ ಕೈಗಿಟ್ಟ. ಒಳಗೆ ಗೊಮೆಸಿಯ ಬಟ್ಟೆ, ಆರು ಮೀಟರು, ಕಡುನೇರಳೆ ಬಣ್ಣದ್ದು. "ಅವರಿಗೆ ಕೊಡು. ಮಗು ನೋಡ್ಕೊಂಡಿದ್ದಕ್ಕೆ ಅಂತ ಹೇಳು. ನನಗೆ ತಡ್ಕೊಳ್ಳೋಕಾಗ್ಲಿಲ್ಲ."

ಮಗು ನೋಡಿಕೊಂಡಿದ್ದಕ್ಕೆ ಯಾರೂ ಹುರಿ ಕಟ್ಟಿ ಬಟ್ಟೆ ಕೊಡುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಬೇಡ ಎನ್ನಲು ಬಾಯಿ ತೆರೆದಳು. ಅವನು ಆಗಲೇ ಕಾರಿನ ಕಡೆ ತಿರುಗಿದ್ದ, ಎರಡು ಕೈಯನ್ನೂ ಜೇಬಿಗೆ ತುರುಕಿಕೊಂಡು.

ಅಮ್ಮ ಹಿತ್ತಲ ಅವೊಕಾಡೊ ಮರದ ನೆರಳಿನಲ್ಲಿ ಕೂತಿದ್ದಳು. ಬಿರುಂಗಿ ಪಕ್ಕದಲ್ಲಿ ಮಲಗಿದ್ದಳು. ನಾಬುಕೇರಾ ಮಂಡಿಯೂರಿ ಪೊಟ್ಟಣವನ್ನು ಎರಡೂ ಕೈಯಲ್ಲಿ ಚಾಚಿದಳು. "ಬಿರುಂಗಿ ಅಪ್ಪ ಕೊಟ್ರು. ಮಗು ನೋಡ್ಕೊಂಡಿದ್ದಕ್ಕೆ."

ಅಮ್ಮ ಹುರಿಯನ್ನು ಹಲ್ಲಿನಲ್ಲಿ ಕತ್ತರಿಸಿದಳು. ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದಳು. ಬಹಳ ಹೊತ್ತು ತಿಕ್ಕುತ್ತಲೇ ಇದ್ದಳು.

"ಅಳಿಯ ಅತ್ತೆಗೆ ಬಟ್ಟೆ ಕೊಡೋದು ಎರಡು ಸಲ," ಎಂದಳು. "ಹೆಣ್ಣು ಕೇಳೋಕೆ ಬಂದಾಗ ಒಂದು ಸಲ. ಆವತ್ತಿಂದು ನನ್ನ ಪೆಟ್ಟಿಗೇಲಿದೆ, ಇನ್ನೂ ಹೊಲಿಸಿಲ್ಲ."

ಎರಡನೆಯದು ಯಾವಾಗ ಎಂದು ಹೇಳಲಿಲ್ಲ. ನಾಬುಕೇರಾ ನೆಲ ನೋಡುತ್ತ ಮಂಡಿಯ ಮೇಲೇ ಇದ್ದಳು.

"ಬಣ್ಣ ಚೆನ್ನಾಗಿದೆ ಅಂತ ಹೇಳು ಅವನಿಗೆ," ಎಂದಳು ಅಮ್ಮ. "ತಗೊಂಡ್ಲು ಅಂತ ಹೇಳು."

ಬಿರುಂಗಿ ಎದ್ದು ರಾಗ ತೆಗೆದಳು. ಅಮ್ಮನ ಕೈಗಳು ಮಗುವಿನ ಕಡೆ ಅರ್ಧ ಹೋಗಿ, ಮತ್ತೆ ಹಿಂದಕ್ಕೆ ಬಂದು ಮಡಿಲಲ್ಲಿ ಕೂತವು. "ನೀನೇ ತಗೋ. ಹಸಿವು ಅದಕ್ಕೆ."

ನಾಬುಕೇರಾ ಮಗುವನ್ನೆತ್ತಿ ಅಮ್ಮನ ಪಕ್ಕದಲ್ಲಿ ಕೂತು, ರವಿಕೆ ಸಡಿಲಿಸಿ ಮೊಲೆ ಕೊಟ್ಟಳು. ಹಿತ್ತಲಲ್ಲಿ ಯಾರೂ ಇರಲಿಲ್ಲ; ಬೇಲಿಯಾಚೆ ಒಂದು ಮೇಕೆ ಎಲೆ ಮೇಯುತ್ತಿತ್ತು, ಅಷ್ಟೇ. ಅಮ್ಮ ಆ ಆರು ಮೀಟರು ಬಟ್ಟೆಯ ಮಡಿಕೆ ಬಿಚ್ಚಿ, ಒಂದು ತುದಿಯನ್ನು ಮಗಳ ಹೆಗಲ ಮೇಲೆ ಹಾಕಿ, ಎದೆಯನ್ನೂ ಮಗುವಿನ ತಲೆಯನ್ನೂ ಮುಚ್ಚಿ, ಗಾಳಿಗೆ ಹಾರದಂತೆ ಅಂಚನ್ನು ತನ್ನ ಮೊಣಕಾಲಿನ ಕೆಳಗೆ ಒತ್ತಿಕೊಂಡು ಕೂತಳು.