ಕೆಂಪು ಬೆಟ್ಟದ ಹಲ್ಲು

ನನಗೆ ಕೆಲಸ ಕಲಿಸಿದ ಮೇಷ್ಟ್ರಿಗೆ ಹೆಸರು ತಂದ ತಲೆಬುರುಡೆ ಇಪ್ಪತ್ತು ವರ್ಷಗಳ ಮೇಲೆ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಿಂದ ಹೊರಬಂದು, ಶುಚಿಮಾಡಲು ನನ್ನ ಮೇಜಿಗೆ ಬಂತು. ಬೂದುಕಲ್ಲಿನ ಬಂಡೆಯಿಂದ ಅವರೇ ಬಿಡಿಸಿದ ಪಳೆಯುಳಿಕೆ. ಅಂಥ ಕೋರೆಹಲ್ಲಿನ ಪ್ರಾಣಿ ಬೇರೆಲ್ಲೂ ಸಿಕ್ಕಿಲ್ಲವೆಂದು ದೊಡ್ಡ ದೊಡ್ಡವರೆಲ್ಲ ಹಾಡಿ ಹೊಗಳಿದ್ದರು.

ಕೋರೆಯ ಬುಡದಲ್ಲಿ ಅಂಟು ಹಳದಿಗಟ್ಟಿತ್ತು. ಬ್ರಷ್ಷಿನಲ್ಲಿ ಅಂಟು ಕರಗಿಸುವ ಅಸಿಟೋನ್ ಸವರಿದೆ. ಹಲ್ಲು ಕಳಚಿ ಅಂಗೈಗೆ ಬಿತ್ತು. ಬುಡದಲ್ಲಿ ಮೆತ್ತಿದ್ದದ್ದು ಕೆಂಪು ಮರಳು! ಅದರ ಪಕ್ಕದಲ್ಲೇ ಮಣ್ಣು ಕೆರೆಯುವ ಸೂಜಿ ಜಾರಿದ ಗೀರು.

ಆ ಗೀರು ನನ್ನದು. ಕೆಲಸಕ್ಕೆ ಸೇರಿದ ವರ್ಷ ಕೆಂಪು ಬೆಟ್ಟದಲ್ಲಿ ನನಗೆ ಸಿಕ್ಕ ಮೊದಲ ಹಲ್ಲು ಅದು. ಸುತ್ತಿ ಮೇಷ್ಟ್ರ ಕೈಗೆ ಕೊಟ್ಟು ಕಳಿಸಿದ್ದೆ.

"ನೀನು ಸರಿಯಾಗಿ ಸುತ್ತಿರಲಿಲ್ಲ ಮಗು, ದಾರೀಲೇ ಪುಡಿಯಾಗೋಯ್ತು. ಅಳಬೇಡ, ಬಿಡು" ಅಂದಿದ್ದರು ಮೇಷ್ಟ್ರು.

ಅಂದಿನಿಂದ ನಾನು ಬೆಣಚುಕಲ್ಲಿಗೂ ಮೂರು ಸುತ್ತು ಹತ್ತಿ ಸುತ್ತುತ್ತೇನೆ. ಇಲ್ಲಿ ಎಲ್ಲರೂ ನನ್ನನ್ನು ಹತ್ತಿಯಕ್ಕ ಎಂದೇ ಕರೆಯುತ್ತಾರೆ. ನಾನೂ ಜೊತೆಗೆ ನಗುತ್ತಿದ್ದೆ. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ.

ಹಲ್ಲನ್ನು ಒಯ್ದು ಮೇಷ್ಟ್ರ ಮುಂದಿಟ್ಟೆ. ಅವರ ಮುಖ ಬಿಳಿಚಿಕೊಂಡಿತು.

"ಯಾರೂ ನೋಡಿಲ್ಲ ತಾನೆ? ಮತ್ತೆ ಅಂಟಿಸಿಬಿಡು, ಮಗು."

"ಬಿಡಿಸೋಕೆ ಬರೋ ಅಂಟನ್ನೇ ಹಾಕು, ನಮ್ಮ ತಪ್ಪನ್ನ ಮುಂದಿನವರು ತಿದ್ದೋ ಹಾಗಿರಬೇಕು ಅಂತ ಹೇಳಿಕೊಟ್ಟೋರು ನೀವೇ ಅಲ್ವಾ ಮೇಷ್ಟ್ರೇ?"

ನಿರ್ದೇಶಕರ ಕೋಣೆಗೆ ಒಯ್ಯಲು ಮೇಷ್ಟ್ರ ಎದುರಿಗೇ ಹಲ್ಲನ್ನು ಹತ್ತಿಯಲ್ಲಿ ಸುತ್ತಿದೆ.

ಒಂದೇ ಸುತ್ತು.