ನೇರ ನೋಡಿ ಮೇಡಂ

ಹಸಿರು ಪ್ಲಸ್ ಗುರುತು ನೋಡಿ ಅನ್ನುತ್ತಾಳೆ ಯಂತ್ರದ ಆಚೆ ಕೂತು ಕಣ್ಣಿನ ಫೋಟೋ ತೆಗೆಯುವಾಕೆ, ನೇರ ನೋಡಿ ಮೇಡಂ, ಅತ್ತಿತ್ತ ನೋಡಬೇಡಿ—ಎಲ್ಲಿದೆ ತಾಯಿ ನಿನ್ನ ಪ್ಲಸ್, ನೇರ ನೋಡಿದರೆ ಮಾಯ, ಓರೆಗಣ್ಣಲ್ಲಿ ನೋಡಿದರೆ ಹಾಜರು, ಅದು ಕಾಣುವ ಹಾಗಿದ್ದರೆ ನಾನೇಕೆ ಇಲ್ಲಿ ಗದ್ದ ಊರಿ ಕೂರುತ್ತಿದ್ದೆ, ಇವತ್ತಿನ ಐದನೇ ಯತ್ನ ಇದು, ಕಣ್ಣಿಗೆ ಹಾಕಿದ ಹನಿ ಗಂಟಲಿಗಿಳಿದು ಕಹಿ, ಮಿಟುಕಿಸಬೇಡಿ, ಅಯ್ಯೋ ಮಿಟುಕಿಸಿಬಿಟ್ರಿ, ಹಿಂದೆ ಬೆಂಚಿನ ಮೇಲೆ ತಂಗಿ ಕಿಸಕ್ಕೆಂದು ನಗುತ್ತಾಳೆ, ಚಿಕ್ಕೋಳಿದ್ದಾಗ್ಲೂ ನಮ್ಮಕ್ಕ ಹೀಗೇ, ಒಂದು ಫೋಟೋದಲ್ಲೂ ಕಣ್ಣು ಬಿಟ್ಟಿಲ್ಲ—ನಗು, ನಿನಗೇನು, ಕನ್ನಡಕದಂಗಡಿಯವನು ಮೂರು ಸಲ ನಂಬರ್ ಬದಲಾಯಿಸಿದ, ಗಿರಾಕಿ ಷರ್ಟನ್ನು ಮುಖಕ್ಕೆ ಹಿಡಿದು ಕಾಜಾ ಎಲ್ಲೋ ಗುಂಡಿ ಎಲ್ಲೋ, ಇಪ್ಪತ್ತು ವರ್ಷದಿಂದ ಟೈಲರ್ ನೀವು ಅಂದಾಗ ನಾನು ಬಲ್ಬನ್ನು ಬೈದೆ, ದಾರವನ್ನು ಬೈದೆ, ಕೊನೆಗೆ ಈ ಡಾಕ್ಟರು, ಕಣ್ಣಿನ ಒಳಪದರ ನಡುಮಧ್ಯೆ ಸವೆದಿದೆ, ಅಪರೂಪದ ಕಾಯಿಲೆ, ವಂಶದಲ್ಲೇ ಬರುತ್ತೆ, ಔಷಧಿ ಇಲ್ಲ, ಆರು ತಿಂಗಳಿಗೊಮ್ಮೆ ಫೋಟೋ ತೆಗೆದು ನೋಡೋಣ—ನೋಡೋಣವಂತೆ, ನೋಡುವವರು ಅವರು, ಕಾಣದವಳು ನಾನು, ಒಡಹುಟ್ಟಿದವರನ್ನೂ ಕರ್ಕೊಂಡು ಬನ್ನಿ ಅಂದರು, ಅದನ್ನು ಹೇಳಿದರೆ ಇವಳು, ನನಗೇನಾಗಿದೆ ಅಕ್ಕಾ, ನಿನ್ನ ಸೂಜಿಗೆ ದಾರ ಪೋಣಿಸಿಕೊಡೋದು ನಾನೇ ಅಲ್ವಾ ಎಂದು ವರ್ಷಗಟ್ಟಲೆ ತಳ್ಳಿದಳು, ಇವತ್ತು ಜಗಳವಾಡಿಯೇ ಎಳೆದುತಂದೆ—ಹೇಗೋ ಒಂದು ಸಿಕ್ತು ಮೇಡಂ, ಏಳಿ, ಈಗ ನಿಮ್ಮ ತಂಗಿ ಬರ್ಲಿ, ಏಳುತ್ತೇನೆ, ಅವಳು ಕೂರುತ್ತಾಳೆ, ನೇರ ನೋಡಿ, ನೋಡ್ತಿದೀನಮ್ಮಾ, ಪ್ಲಸ್ ಚೆನ್ನಾಗೇ ಕಾಣ್ತಿದೆ, ರೆಪ್ಪೆ ಅಲುಗುವುದಿಲ್ಲ, ಒಂದೇ ಸಲಕ್ಕೆ ಮುಗಿಯಿತು, ನನಗೆ ಹೊಟ್ಟೆಕಿಚ್ಚು, ಥೂ, ಒಡಹುಟ್ಟಿದವಳ ಮೇಲೆ—ಫೋಟೋದಾಕೆ ಶಹಭಾಸ್ ಅನ್ನಬೇಕಿತ್ತು, ಅನ್ನಲಿಲ್ಲ, ಕಂಪ್ಯೂಟರ್ ಪರದೆಗೆ ಬಗ್ಗಿ ಫೋಟೋ ದೊಡ್ಡದು ಮಾಡಿ ನೋಡುತ್ತಾಳೆ, ಡಾಕ್ಟರನ್ನ ಕರೀತೀನಿ, ಕೂತಿರಿ ಎಂದು ಎದ್ದು ಹೋಗುತ್ತಾಳೆ, ಏನಕ್ಕಾ, ನನ್ನ ಕಣ್ಣು ಅಷ್ಟೊಂದು ಚೆನ್ನಾಗಿದ್ಯಾ, ಕತ್ತು ಹೊರಳಿಸಿ ಓರೆಯಾಗಿ ಪರದೆ ನೋಡುತ್ತೇನೆ, ಕಿತ್ತಳೆ ಬಣ್ಣದ ದುಂಡು, ಅದರಲ್ಲಿ ಹಳದಿ ಚುಕ್ಕಿಗಳು, ನನ್ನ ಮೊದಲ ಫೋಟೋದಲ್ಲಿ ಡಾಕ್ಟರು ಬೆರಳಿಟ್ಟು ತೋರಿಸಿದಂಥವೇ, ಹೇಳಕ್ಕಾ, ಬೆರಳೆಣಿಕೆಯಷ್ಟು, ಈಗಷ್ಟೇ ಬೀಳತೊಡಗಿದ ಹಳದಿ ಚುಕ್ಕಿಗಳು, ಅಕ್ಕಾ, ಏನಿದೆ ಅದ್ರಲ್ಲಿ, ಹಳದಿ ಚುಕ್ಕಿಗಳು