ನಾಲ್ಕನೆಯ ದಿನದ ಶೂ

ಹೊಸ ಶೂಗೆ ಇನ್ನೂರ ನಲವತ್ತು ರಿಯಾಲ್, ಹಳೆಯದಕ್ಕೆ ಅಡಿ ಹೊಲಿದರೆ ಹನ್ನೆರಡು. ಆ ಹನ್ನೆರಡು ಕೊಡುವವರೇ ಈಗ ಇಲ್ಲ. ಆದರೂ ಮೊಯ್ದಿನ್ ಕುಂಞಿ ಕೊಲ್ಲಿ ನಾಡಿನ ಬಿನ್ ಒಮ್ರಾನ್ ಪೇಟೆಯ ತನ್ನ ಶೂ ರಿಪೇರಿಯ ಗೂಡಂಗಡಿಯಲ್ಲಿ ಕೂತು ಕೊನೆಯ ಹೊಲಿಗೆಗಳನ್ನು ಬಿಗಿಯುತ್ತಿದ್ದ.

"ಯಲ್ಲಾ, ಕುಂಞಿಯಾಕ! ಹತ್ತಕ್ಕೆ ಪೆಟ್ಟಿಗೆ ಮುಚ್ತಾರಂತೆ," ಪಿಕಪ್‌ನಿಂದ ಪಕೀರಬ್ಬ ಕೂಗಿದ. "ಸತ್ತವರಿಗೆ ಎಂತಕ್ಕೆ ಓಡುವ ಶೂ?"

"ಮೂರು ದಿನ ಬಂದ್ರು. ಮೂರು ದಿನವೂ ನಾಳೆ ಅಂದೆ." ದಾರ ಕಡಿದ. "ಓಡ್ಲಿಕ್ಕೆ ಅವರಿಗೆ ಬೇರೆ ಜೊತೆ ಇರ್ಲಿಲ್ಲ, ಮಾರಾಯ."

*

ತೀರಿಕೊಂಡ ಹಾರ್ಲನ್ ವೀಟ್ ಅಮೆರಿಕದವರು, ಶಾಲೆಯೊಂದರಲ್ಲಿ ಓಟದ ಮಾಸ್ತರು. ತೊಂಬತ್ತೆರಡರಲ್ಲಿ ಮೊದಲ ಸಲ ಅಂಗಡಿಗೆ ಬಂದಾಗ ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳಿದ್ದರು: ಪ್ರಾಯದಲ್ಲಿ ಇಪ್ಪತ್ತಾರು ಮೈಲಿಯ ಓಟ. ಮೊದಲ ಮೂವರಿಗೆ ದೇಶದ ತಂಡದಲ್ಲಿ ಜಾಗ. ಮೂರನೆಯವರಾಗಿ ಓಡುತ್ತಿದ್ದಾಗ ಎಡಗಾಲಿನ ಶೂವಿನ ಅಂಟು ಬಿಟ್ಟು ಅಡಿ ಕಳಚಿತು. ನಾಲ್ಕನೆಯವರಾದರು. ಆಮೇಲೆ ದೇಶದೇಶ ತಿರುಗಿ ಮಕ್ಕಳನ್ನು ಓಡಿಸಿದ್ದೇ ಬದುಕು.

"ಅಂಟು ಮಾಫಿ," ಎಂದು ಅರಬ್ಬಿ ಬೆರೆಸಿ ಅಂಟು ಬೇಡವೆಂದಿದ್ದರು. "ಹೊಲಿ."

*

ಶಾಲೆಯ ಗುಮಾಸ್ತ ಯೂಸ್ಟೇಸ್ ಮನೆಯಲ್ಲಿ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಚಪ್ಪಲಿ ಹೊರಗೆ ಬಿಟ್ಟು, ಶೂ ಕೈಯಲ್ಲಿ ಹಿಡಿದು ಬಂದವನನ್ನು ಎಲ್ಲರೂ ನೋಡಿದರು. ಪೆಟ್ಟಿಗೆಯಲ್ಲಿ ಮಲಗಿಸಿದ್ದ ವೀಟರಿಗೆ ಕೋಟು ತೊಡಿಸಿದ್ದರು. ಕಾಲಿಗೆ ಕಪ್ಪು ಆಫೀಸ್ ಶೂ.

"ಓಡ್ಲಿಕ್ಕೆ ಹೋದಾಗ ಕಾಲಲ್ಲಿ ಎಂತ ಇತ್ತು?" ಕುಂಞಿ ಕೇಳಿದ.

"ಇದೇ," ಎಂದರು ಯೂಸ್ಟೇಸರ ಹೆಂಡತಿ ಜರ್ಟ್ರೂಡ್. "ನಾಲ್ಕನೇ ದಿನ ಕಾಯ್ಲಿಕ್ಕೆ ಆಗ್ಲಿಲ್ಲ ಅವರಿಗೆ. ನಯ ಸೋಲ್. ಜಾರಿರ್ಬೇಕು, ಪಾಪ."

"ಜಾರಿದ್ದಲ್ಲ. ಡಾಕ್ಟರ್ ಹಾರ್ಟ್ ಅಂತ ಬರ್ದಿದಾರೆ," ಯೂಸ್ಟೇಸ್ ಗದರಿದರು.

"ತಲೆಗೆ ಗಾಯ ಇತ್ತಲ್ಲ?" ಜರ್ಟ್ರೂಡ್ ಬಿಡಲಿಲ್ಲ.

"ಬಿದ್ರೆ ಗಾಯ ಆಗುದಿಲ್ವಾ?"

ಎದೆ ಮೊದಲು ನಿಂತಿತೋ, ಕಾಲು ಮೊದಲು ಜಾರಿತೋ? ಕುಂಞಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಕಾಲು ಜಾರಿದ್ದಾದರೆ ಆ ಮೂರು ‘ನಾಳೆ’ಗಳ ಲೆಕ್ಕ ಅವನದೇ.

"ಇದನ್ನು ಹಾಕ್ಬಹುದಾ?"

"ಕೋಟಿಗೆ ಓಟದ ಶೂವಾ?" ಎಂದರು ಯೂಸ್ಟೇಸ್. "ಅವರ ತಂಗಿ ಅಮೆರಿಕದಲ್ಲಿ ಪೆಟ್ಟಿಗೆ ತೆರೆದ್ರೆ ಎಂತ ಹೇಳ್ಬೇಕು?"

"ನಮ್ಮವ ಅಂತ ಗುರ್ತು ಹಿಡೀತಾಳೆ," ಎಂದ ಜರ್ಟ್ರೂಡ್ ತಾವೇ ಕಪ್ಪು ಶೂ ಬಿಚ್ಚಿದರು.

ಕುಂಞಿ ಮಂಡಿಯೂರಿ ಓಟದ ಶೂ ತೊಡಿಸಿ, ವೀಟರು ಕಟ್ಟುತ್ತಿದ್ದಂತೆ ಲಾಡಿಗೆ ಎರಡು ಗಂಟು ಹಾಕಿದ.

ಹೊರಗೆ ಪಿಕಪ್‌ನಲ್ಲಿ ಕೂತು, ಜರ್ಟ್ರೂಡ್ ಕೈಗಿಟ್ಟಿದ್ದ ಕಪ್ಪು ಶೂ ತಿರುಗಿಸಿ ನೋಡಿದ. ಎಡ ಅಡಿಯ ಮೇಲೆ ಉದ್ದಕ್ಕೆ ಒಂದು ಗೀರು. ಮೂವತ್ತು ವರ್ಷ ಜನರ ಅಡಿ ನೋಡಿದವನಿಗೆ ಆ ಗೀರು ಹಳೆಯದೋ, ಜಾರಿದಾಗ ಆದ ಹೊಸದೋ ತಿಳಿಯಲಿಲ್ಲ.

ಹನ್ನೆರಡು ರಿಯಾಲ್ ಹೋಯಿತು. ಒಬ್ಬ ಒಳ್ಳೆಯ ಗಿರಾಕಿ ಹೋದರು. ಉಳಿದದ್ದು ತೊಡೆಯ ಮೇಲಿನ ಈ ಜೊತೆ, ಅಡಿ ಮೇಲೆ ಮಾಡಿ.